ನೀಲಾ ತಿಂದ ಮೂರು ಪಾತೋಳಿ

೯ ಆಗಸ್ಟ್ ೨೦೨೫, ಶನಿವಾರ. ನೂಲ ಹುಣ್ಣಿಮೆ. ಬೆಳಗಿನಿಂದ ಮಳೆ ಬಿಟ್ಟು ಬಿಟ್ಟು ಹೊಯ್ದು ಮಧ್ಯಾಹ್ನದ ಮೇಲೆ ನಿಂತಿತು. ಸಂಜೆ ಪಡುವಣ ಗಾಳಿ, ಮಣ್ಣಿನ ಬಣ್ಣದ ಸಮುದ್ರ. ಛತ್ರಿ ಹಿಡಿದುಕೊಂಡು ಹೋದದ್ದು ವ್ಯರ್ಥವಾಯಿತು.

ಬೆಳಂಬಾರದ ಕಡೆಯ ಒಂದು ಮೀನುಗಾರರ ಕೇರಿಯಲ್ಲಿ ಸಮುದ್ರಕ್ಕೆ ಕಾಯಿ ಕೊಡುವುದನ್ನು ನೋಡಲು ಹೋಗಿದ್ದೆ. ಕರೆದವಳು ನೀಲಾ. ಅಂಕೋಲೆಯ ಮೀನುಪೇಟೆಯಲ್ಲಿ ಕೂತು ಮಾರುತ್ತಾಳೆ. ಉಳಿದದ್ದನ್ನು ಬುಟ್ಟಿಯಲ್ಲಿ ಹೊತ್ತು ಬಾಳೆಗುಳಿಯ ನಮ್ಮ ಮನೆಯ ತನಕ ಬರುತ್ತಾಳೆ. ಗಂಡ ಕುಮಾರ ಗೋವೆಯ ಬೋಟಿನಲ್ಲಿ ದುಡಿಯುತ್ತಾನೆ, ವರ್ಷದ ಬಹುಪಾಲು ಅಲ್ಲೇ. ಹೆಚ್ಚು ಕಡಿಮೆ ನನ್ನದೇ ವಯಸ್ಸಿನವಳು, ಐವತ್ತರ ಹತ್ತಿರ. ಏಳನೆಯ ಇಯತ್ತೆಯವರೆಗೆ ಶಾಲೆ.

ಮಳೆಗಾಲದಲ್ಲಿ ದಡಕ್ಕೆ ಎಳೆದಿಟ್ಟ ದೋಣಿಗಳು ಈ ಕಾಯಿ ಹೋದ ಮೇಲೆಯೇ ನೀರಿಗೆ ಇಳಿಯುತ್ತವೆ. ಆ ಕೇರಿಗೆ ತನ್ನದೇ ಆದ ಒಂದು ಕ್ರಮವೂ ಇದೆ. ಪ್ರತಿ ದೋಣಿಯವರು ತಮ್ಮ ಬಲೆಯಿಂದ ಒಂದು ಎಳೆ ಕಿತ್ತು ಕಾಯಿಯ ಜುಟ್ಟಿಗೆ ಕಟ್ಟುತ್ತಾರೆ. ಏಳು ದೋಣಿ, ಏಳು ಎಳೆ. ಹಸಿರು, ನೀಲಿ, ಕೇರಿಯ ಹಿರಿಯ ಕುಪ್ಪಜ್ಜನ ಎಳೆ ಮಾತ್ರ ಗುಲಾಬಿ, ಅವನು ಬಲೆಯನ್ನು ಕೈಗೆ ಸಿಕ್ಕ ದಾರದಲ್ಲಿ ದುರಸ್ತಿ ಮಾಡಿಕೊಂಡಿದ್ದ. ಕಾಯಿಗೆ ಅರಿಶಿನ ಕುಂಕುಮ ಹಚ್ಚಿದರು. ದೋಣಿ ಸಮಿತಿಯ ಅಧ್ಯಕ್ಷ ಮಾದೇವ ಮೊಣಕಾಲು ನೀರಿನಲ್ಲಿ ನಿಂತು, ಮೀನುಗಾರರ ಸಮಸ್ಯೆಗಳ ಬಗ್ಗೆ ಸಮುದ್ರಕ್ಕೆ ಮುಖ ಮಾಡಿ ದೀರ್ಘವಾಗಿ ಮಾತನಾಡಿ, ಕಾಯಿಯನ್ನು ಎಸೆದ. ಕಾರ್ಯದರ್ಶಿ ಆಶಿಷ ವಂದನಾರ್ಪಣೆ ಮಾಡಿದ. ಅವಲಕ್ಕಿ ಹಂಚಿದರು. ಸೋಮವಾರ ಬೆಳಿಗ್ಗೆ ದೋಣಿ ಹೊರಡುವುದೆಂದು ಸಾರಿದರು. ನಾನು ಏಳು ಗಂಟೆಗೆ ಮನೆ ಸೇರಿದೆ.

ಇಷ್ಟರಲ್ಲಿ ಬರೆಯುವಂಥದ್ದು ಏನೂ ಇರಲಿಲ್ಲ. ಮರುದಿನ ಭಾನುವಾರ ಮಧ್ಯಾಹ್ನ ನೀಲಾ ಬುಟ್ಟಿಯಿಲ್ಲದೆ ನಮ್ಮ ಜಗಲಿಗೆ ಬಂದಳು. ಬುಟ್ಟಿಯಿಲ್ಲದ ನೀಲಾಳನ್ನು ನಮ್ಮ ಮನೆಯಲ್ಲಿ ನಾನು ನೋಡಿದ್ದು ಅದೇ ಮೊದಲು.

"ನಾಯಕ್ರೆ, ಒಂದ್ ಮಾತ್ ಕೇಳ್ಬೇಕು. ಸರ್ಕಾರಿ ಮಾತು."

ಅದು ಸರ್ಕಾರಿ ಮಾತೇನೂ ಆಗಿರಲಿಲ್ಲ. ಬೆಳಿಗ್ಗೆ ಅವಳು ಮಾದೇವನ ಮನೆಗೆ ಹೋಗಿದ್ದಳು. ಮಾದೇವನ ಹೆಂಡತಿ ಸಂಧ್ಯಾ, ನೀಲಾಳ ಗೆಳತಿ. ಇಬ್ಬರೂ ಒಂದೇ ವರ್ಷ ಆ ಕೇರಿಗೆ ಮದುವೆಯಾಗಿ ಬಂದವರು, ಮೀನುಪೇಟೆಯಲ್ಲಿ ಒಂದೇ ಕೊಡೆಯ ಕೆಳಗೆ ಅಕ್ಕಪಕ್ಕ ಕೂರುವವರು. ಒಬ್ಬಳು ಚಾ ಕುಡಿಯಲು ಹೋದರೆ ಇನ್ನೊಬ್ಬಳು ಎರಡೂ ಬುಟ್ಟಿಗೆ ಗಿರಾಕಿ ಹಿಡಿಯುತ್ತಾಳೆ. ಸಂಧ್ಯಾ ಪಾತೋಳಿ ಮಾಡಿದ್ದಳು. ಅಕ್ಕಿ ಹಿಟ್ಟನ್ನು ಅರಿಶಿನದ ಎಲೆಗೆ ಸವರಿ, ಒಳಗೆ ಕಾಯಿ ಬೆಲ್ಲ ಇಟ್ಟು, ಮಡಚಿ ಬೇಯಿಸುವ ಈ ತಿಂಡಿ ಶ್ರಾವಣದಲ್ಲಿ ನಮ್ಮಲ್ಲಿ ಎಲ್ಲರ ಮನೆಯಲ್ಲೂ ಇರುತ್ತದೆ. ನೀಲಾ ಮೂರು ತಿಂದಳು. ಬಿಸಿಯಾಗಿತ್ತು, ಬೆಲ್ಲ ಹದವಾಗಿತ್ತು ಎಂದು ನನಗೆ ಪ್ರತ್ಯೇಕವಾಗಿ ತಿಳಿಸಿದಳು. ಆಮೇಲೆ ಎಲೆ ಬಿಸಾಡಲು ಹಿತ್ತಿಲಿಗೆ ಹೋದಾಗ ಬಚ್ಚಲ ಒಲೆಯ ಬುಡದಲ್ಲಿ ಕಾಯಿಯ ಜುಟ್ಟು ಕಂಡಿತು. ಜುಟ್ಟಿನಲ್ಲಿ ಹಸಿರು, ನೀಲಿ ಎಳೆಗಳಿದ್ದವು. ಒಂದು ಗುಲಾಬಿ.

"ಸಂಧ್ಯಾ, ಇದೆಂಥದೆ ಅಂತ ಕೇಳ್ದೆ. ಕಾಯಿ ಅಂದ್ಲು. ಯಾವ್ ಕಾಯಿ? ಸಮುದ್ರದ್ದು. ವಾಪಸ್ ಬಂತು, ನಮ್ಮ ಹಿತ್ಲ ಕಲ್ಲಲ್ಲಿ ಸಿಕ್ಕಂಡಿತ್ತು, ಇವ್ರು ತಂದ್ರು ಅಂದ್ಲು. ಮಾದೇವಣ್ಣ ಜಗ್ಲಿಲಿ ಕೂತ್ಕಂಡು ಐದ್ನೇದು ತಿಂತಿದ್ದ."

"ಮಾದೇವ ಏನೆಂದ?"

"ಈಗ ಕಾಯಿ ರೇಟ್ ಗೊತ್ತದ್ಯಾ ಅಂದ."

ಕಾಯಿಯ ಬೆಲೆ ಈ ವರ್ಷ ಏರಿರುವುದು ನಿಜ. ನಾನು ಹಾಗೆಂದೆ.

ಇಲ್ಲಿ ಅವಳ ಸ್ವಭಾವವನ್ನು ಬರೆದಿಡಬೇಕು. ಅಪರಿಚಿತರು ಏನು ಮಾಡಿದರೂ ನೀಲಾಳಿಗೆ ಆಸಕ್ತಿಯಿಲ್ಲ. ಪೇಟೆಯಲ್ಲಿ ಯಾರೋ ಯಾರಿಗೋ ಮೋಸ ಮಾಡಿದರೆ ತಲೆಯೆತ್ತಿ ನೋಡುವುದೂ ಇಲ್ಲ. ತನ್ನವರಾದರೆ ಬಿಡುವುದಿಲ್ಲ. ಮೀನಿನ ಟೆಂಪೊ ಓಡಿಸುವ ಬೀರು ಅವಳ ಅಕ್ಕನ ಮಗ. ಅವನು ಗಾಡಿ ಓಡಿಸುತ್ತ ಮೊಬೈಲಿನಲ್ಲಿ ಮಾತನಾಡಿದ ದಿನ, ಬಾಳೆಗುಳಿಯಲ್ಲಿ ಗಾಡಿ ನಿಂತೊಡನೆ ಕೀಲಿ ಕಿತ್ತು ಸೆರಗಿನ ತುದಿಗೆ ಕಟ್ಟಿಕೊಂಡು ಪೇಟೆಗೆ ನಡೆದು ಹೋದಳು. ಉಳಿದ ಹೆಂಗಸರೂ ಬುಟ್ಟಿ ಹೊತ್ತು ಹಿಂದೆ ನಡೆಯಬೇಕಾಯಿತು. ಅವರಲ್ಲಿ ಸಂಧ್ಯಾ ಒಬ್ಬಳೇ ಬೈಯಲಿಲ್ಲ. ಭಜನೆಯಲ್ಲಿ ಮಾದೇವ ಕ್ರಿಕೆಟ್ ಮ್ಯಾಚಿನ ಅವಸರಕ್ಕೆ ಒಂದು ಚರಣ ಹಾರಿಸಿದಾಗ ತಾಳ ನಿಲ್ಲಿಸಿ, ಗಣಪತಿ ಸ್ತುತಿಯಿಂದ ಮತ್ತೆ ಹಾಡಿಸಿದ್ದಳು. ಅವಳಿಗೆ ಒಂದು ಕ್ರಮವಿದೆ. ಮೊದಲು ಒಬ್ಬರೇ ಇದ್ದಾಗ ಹೇಳುತ್ತಾಳೆ. ಒಪ್ಪಿಕೊಳ್ಳಲು ಒಂದು ಹೊತ್ತು ಕೊಡುತ್ತಾಳೆ. ಒಪ್ಪದಿದ್ದರೆ ಎಲ್ಲರೆದುರು ಹೇಳುತ್ತಾಳೆ. ಆಮೇಲೆ ಆ ಮಾತನ್ನು ಮತ್ತೆ ಎತ್ತುವುದಿಲ್ಲ. ಎತ್ತದಿರುವುದರಿಂದ ಎದುರಿನವರೂ ಮರೆತಿರುತ್ತಾರೆಂದು ಅವಳು ತಿಳಿದುಕೊಂಡಿದ್ದಾಳೆ.

"ನಾಳೆ ದೋಣಿ ಹೊರಡುದ್ರೊಳಗೆ ನೀನೇ ಹೇಳು ಅಂತ ಮಾದೇವಣ್ಣಂಗೆ ಹೇಳಿ ಬಂದಿದ್ದೆ," ಎಂದಳು. "ಅಂವ ಹೇಳುದಿಲ್ಲ. ನಾ ಹೇಳ್ಬೇಕಾಗ್ತದೆ. ಹೇಳಿದ್ರೆ ಸಂಧ್ಯಾ ಹೋಗ್ತಾಳೆ ನಾಯಕ್ರೆ. ನಂಗೆ ಪೇಟೆಲಿ, ಕೇರಿಲಿ, ಅವ್ಳೊಬ್ಳೇ."

ನಾನು ಸುಮ್ಮನಿರುವುದು ಒಳ್ಳೆಯದೆಂದೆ. ಇಪ್ಪತ್ತೆರಡು ವರ್ಷ ಸರ್ವೆ ಕಚೇರಿಯಲ್ಲಿ ಕೂತವನಿಗೆ ಸಹಜವಾಗಿ ಬರುವ ಸಲಹೆ ಅದು.

"ಸುಮ್ನಿದ್ರೆ ನಾಳೆ ಅವ್ಳ ಬಗ್ಲಿಗೆ ಕೂತ್ಕಂಡು ಎಂಥ ಮಾತಾಡುದು?" ಎಂದು ಎದ್ದು ಹೋದಳು. ಅದೇನು ಸರ್ಕಾರಿ ಮಾತೆಂದು ನಾನು ಕೇಳಲಿಲ್ಲ.

ಸೋಮವಾರ ಅರ್ಧ ದಿನದ ರಜೆ ಹಾಕಿದೆ. ಕಾರಣದ ಜಾಗದಲ್ಲಿ 'ವೈಯಕ್ತಿಕ' ಎಂದು ಬರೆದೆ. ಆಕಾಶ ತೆರವಾಗಿತ್ತು. ಏಳೂ ದೋಣಿಗಳು ನೀರಿಗೆ ಮೂತಿ ಮಾಡಿ ನಿಂತಿದ್ದವು, ಬಲೆ ಒಳಗಿದ್ದವು, ಗಂಡಸರು ಭುಜ ಕೊಟ್ಟಾಗಿತ್ತು. ಮಾದೇವ ಇಸ್ತ್ರಿ ಮಾಡಿದ ಬಿಳಿ ಅಂಗಿಯಲ್ಲಿ ಬಂದು ಕೈ ಎತ್ತಿದ.

"ಗಣಪತಿ ಹೆಸ್ರು ಹೇಳಿ ದೂಡ್ರಾ."

"ದೂಡುದು ಬೇಡ," ಎಂದಳು ನೀಲಾ. "ಮೊದ್ಲು ಮಾದೇವಣ್ಣ ಒಂದ್ ಮಾತ್ ಹೇಳುದದೆ."

"ನಂದೆಂಥ ಮಾತೂ ಇಲ್ಲ."

"ನಿನ್ನೆ ಹೇಳಿದ್ದೆನಲ್ಲ, ಅದು."

"ಅದು ಮನೆ ಮಾತು. ದೋಣಿ ಬುಡಕ್ಕೆ ತರುದಲ್ಲ."

"ಎಳೆ ಕಟ್ಟಿದ್ದು ಏಳು ದೋಣಿಯವ್ರು. ಅದು ಹೆಂಗೆ ನಿನ್ನ ಮನೆ ಮಾತಾಗ್ತದೆ?"

ಆಮೇಲೆ ಎಲ್ಲವನ್ನೂ ಹೇಳಿದಳು. ತಾನು ಮೂರು ತಿಂದದ್ದನ್ನೂ ಬಿಡಲಿಲ್ಲ. ಗಂಡಸರು ದೋಣಿಯಿಂದ ಭುಜ ತೆಗೆದರು. ಸಂಧ್ಯಾ ಹಿಂದೆ, ತನ್ನ ಮನೆಯ ಹತ್ತಿರ ಅಲೆಗೆ ಅಡ್ಡ ಹಾಕಿದ ತಡೆಗಲ್ಲಿನ ಮೇಲೆ ನಿಂತಿದ್ದಳು. ಕುಪ್ಪಜ್ಜನಿಗೆ ಕಿವಿ ಮಂದ.

"ಕಾಯಿ ಎಂಥ ಆಯ್ತು?" ಎಂದ.

"ತಿಂದ್ರಂತೆ ಅಜ್ಜ," ಎಂದ ಆಶಿಷ.

"ಯಾರು? ಮೀನೋ?"

"ಮಾದೇವಣ್ಣ."

"ಮೀನಿಗೆ ಬಿಟ್ಟದ್ದು ಅಂವ ಎಂತಕ್ಕೆ ತಿಂದ?"

ಈ ಪ್ರಶ್ನೆಗೆ ಸಮರ್ಪಕವಾದ ಉತ್ತರ ಆ ದಿನವಾಗಲಿ ಆಮೇಲಾಗಲಿ ದೊರೆಯಲಿಲ್ಲ. ಮಾದೇವ ತನ್ನ ಪಕ್ಷವನ್ನು ಮಂಡಿಸಿದ. ಸಮುದ್ರ ಕಾಯಿಯನ್ನು ಮರಳಿ ಕೊಟ್ಟದ್ದು ಪ್ರಸಾದವಾಗಿ. ದೇವಸ್ಥಾನದಲ್ಲಿ ಭಟ್ಟರು ಒಡೆದ ಕಾಯಿಯ ಅರ್ಧ ಕಡಿ ವಾಪಸು ಕೊಡುವುದಿಲ್ಲವೇ?

"ಕೊಡ್ತಾರೆ," ಎಂದಳು ನೀಲಾ. "ಅರ್ಧ. ನೀ ಪೂರಾ ತಿಂದೆ."

ಆಶಿಷ ಕಾರವಾರದಲ್ಲಿ ಬಿ.ಕಾಂ. ಮಾಡಿದವನು. ಕಾಯಿ ನೀರನ್ನು ಮುಟ್ಟಿದ ಕೂಡಲೇ ಕೊಟ್ಟಂತಾಯಿತು, ಆಮೇಲೆ ಅದನ್ನು ಏನು ಮಾಡುವುದೆಂಬುದು ಸಮುದ್ರದ ಸ್ವಂತ ವಿಚಾರ ಎಂದು ಅವನ ಅಭಿಪ್ರಾಯ. ಇದು ಹಲವರಿಗೆ ಹಿಡಿಸಿತು. ಆಗ ಕುಪ್ಪಜ್ಜ, ಕಾಯಿ ಎಷ್ಟು ಹೊತ್ತಿಗೆ ವಾಪಸು ಬಂತೆಂದು ಕೇಳಿದ.

ಮಾದೇವ ಆಕಾಶ ನೋಡಿದ. "ಆಶಿಷ ವಂದನಾರ್ಪಣೆ ಮಾಡ್ತಿದ್ದ."

"ಮುಗ್ದಿತ್ತೋ?"

"ಇಲ್ಲ. ಉಪಾಧ್ಯಕ್ಷರ ಹೆಸ್ರಿಗೆ ಬಂದಿದ್ದ."

ಕಾರ್ಯಕ್ರಮ ನಡೆಯುತ್ತಿರುವಾಗಲೇ ಕಾಯಿ ಮರಳಿತ್ತೆಂದ ಮೇಲೆ ಆಶಿಷ ತನ್ನ ಅಭಿಪ್ರಾಯವನ್ನು ಹಿಂದೆಗೆದುಕೊಂಡ. ಅವನಿಗೆ ಸ್ವಲ್ಪ ಬೇಸರವೂ ಆಗಿತ್ತು. ಕೊಟ್ಟದ್ದು ಸೇರಿಲ್ಲವೆಂದರೆ ದೋಣಿ ಇಳಿಯುವಂತಿಲ್ಲ. ಸೇರಿ ಮರಳಿತೆಂದರೆ ಇಳಿಯಬಹುದು. ಈ ಎರಡರಲ್ಲಿ ಯಾವುದೆಂದು ತೀರ್ಮಾನವಾಗದೆ, ಅಷ್ಟೇ ಭರತಿಯ, ಅಂದರೆ ಉಬ್ಬರದ, ಹೊತ್ತಿಗೆ, ಅದೇ ಜಾಗದಿಂದ, ಬೇರೆ ಕಾಯಿಗಳನ್ನು ಎಸೆದು ನೋಡುವುದೆಂದು ಸಮಿತಿ ನಿರ್ಣಯಿಸಿತು. ಅಳತೆಗೆ ಸರ್ವೆಯವರು ಒಬ್ಬರು ಬೇಕೆಂದರು. ಎಲ್ಲರೂ ನನ್ನ ಕಡೆ ತಿರುಗಿದರು.

ನಾನು ಸರ್ವೆಯ ಕಾಗದಗಳನ್ನು ನೋಡುವ ಗುಮಾಸ್ತ, ಅಳತೆ ಮಾಡುವವನಲ್ಲ ಎಂದು ವಿವರಿಸಿದೆ. ಅದರಿಂದ ತೊಂದರೆಯಿಲ್ಲವೆಂದರು.

ಮಂಗಳವಾರವೂ ರಜೆ. ಸಂಜೆ ಮನೆಯಿಂದ ಹೊಲಿಗೆಯ ಟೇಪು ತೆಗೆದುಕೊಂಡು ಹೋದೆ. ಮೂರು ಕಾಯಿಗಳಿಗೆ ಕೆಂಪು ಪೇಂಟಿನಲ್ಲಿ ಒಂದು, ಎರಡು, ಮೂರು ಎಂದು ಬರೆದಿದ್ದರು. ಮಾದೇವ ಶನಿವಾರ ನಿಂತ ಜಾಗದಲ್ಲೇ ನಿಂತ. ಅದೇ ಭಾಷಣ ಮಾಡಬೇಕೋ ಬೇಡವೋ ಎಂಬ ಚರ್ಚೆ ನಡೆದು, ಕಾಯಿಯ ಚಲನೆಗೂ ಭಾಷಣಕ್ಕೂ ಸಂಬಂಧವಿಲ್ಲವೆಂದು ಕೈಬಿಟ್ಟರು. ವಂದನಾರ್ಪಣೆ ಮಾತ್ರ ಬೇಕು, ಹೊತ್ತಿನ ಲೆಕ್ಕಕ್ಕೆ ಎಂದರು. ಆಶಿಷ ಅದನ್ನು ಇನ್ನೊಮ್ಮೆ ಮಾಡಿದ. ಈ ಸಲ ನನ್ನ ಹೆಸರೂ ಸೇರಿತ್ತು.

ಒಂದನೆಯ ಕಾಯಿ ಮಾದೇವನ ಹಿತ್ತಿಲ ಕಲ್ಲಿಗೆ ಬಂದು ಸಿಕ್ಕಿಕೊಂಡಿತು. ಎರಡನೆಯದು ಕುಪ್ಪಜ್ಜನ ಮನೆಯ ಕೆಳಗೆ ಮರಳಿನ ಮೇಲೆ ಕೂತಿತು. ಅಜ್ಜ ಅದರ ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು, ತಾನು ಮುಟ್ಟಿಲ್ಲವೆಂದು ಹೋಗಿಬರುವವರಿಗೆ ತಿಳಿಸತೊಡಗಿದ. ಮೂರನೆಯದು ಕಾಣಲಿಲ್ಲ. ಇನ್ನೇನು ಅದನ್ನು ಸಮುದ್ರ ತೆಗೆದುಕೊಂಡಿತೆಂದು ಒಪ್ಪುವಷ್ಟರಲ್ಲಿ, ಆಶಿಷನಿಗೆ ಪಕ್ಕದೂರಿನ ಸ್ನೇಹಿತನಿಂದ ಫೋನು ಬಂತು.

"ಮೂರು ಅಂತ ಬರ್ದ ಕಾಯಿ ಬಂದದೆ. ನಿಮ್ದಾ?"

"ನಮ್ದೇ. ಮುಟ್ಬೇಡಿ."

"ನಮ್ಮ ಅತ್ತೆ ಎತ್ಕಂಡಾಯ್ತಲ್ಲ."

"ಒಡಿಬೇಡಿ ಅಂತ ಹೇಳು ಮಾರಾಯ. ಪಾತೋಳಿ ಮಾಡ್ಬೇಡಿ ಅಂತ ಹೇಳು."

ಫೋನಿನ ಆಚೆಯವನು ಪಾತೋಳಿಯ ಮಾತನ್ನು ಇನ್ನೊಮ್ಮೆ ಹೇಳಿಸಿಕೊಂಡ.

ನಾನು ಅಲ್ಲಲ್ಲಿ ಕೋಲು ನೆಟ್ಟು ಟೇಪಿನಲ್ಲಿ ಅಳೆದ ದೂರಗಳನ್ನು ಓದಿ ಹೇಳಿದೆ. ಕಾಯಿ ಯಾರ ಮನೆಗೂ ಹೋಗಬಹುದು ಎಂಬುದರ ಹೊರತು ಬೇರೇನೂ ಅದರಿಂದ ತಿಳಿಯುತ್ತಿರಲಿಲ್ಲ. ಮಾದೇವನ ಮುಖ ಅರಳಿತು.

"ನೋಡ್ರಾ, ನಂದೊಂದೇ ಮನೆ ಅಲ್ಲ. ಯಾರ ಮನೆಗೂ ಬರ್ತದೆ ಅಂತ ಸರ್ಕಾರದವ್ರೇ ಅಳತೆ ಮಾಡಿ ಹೇಳಿದ್ರು."

"ಯಾರ ಮನೆಗೂ ಬರ್ತದೆ," ಎಂದಳು ನೀಲಾ. "ಕುಪ್ಪಜ್ಜನ ಮನೆಗೂ ಬಂತು. ಅಜ್ಜ ಕುರ್ಚಿ ಹಾಕ್ಕಂಡು ಕೂತಿದ್ದ. ನೀ ಒಲೆ ಹೊತ್ತಿಸ್ದೆ."

ಅಷ್ಟು ಹೊತ್ತಿಗೆ ಕೇರಿಗೆ ಮಾದೇವನಿಗಿಂತ ನೀಲಾಳ ಮೇಲೆ ಸಿಟ್ಟು ಹೆಚ್ಚಾಗಿತ್ತು. ಎರಡು ದಿನ ದೋಣಿ ನಿಂತಿದ್ದವು. ಪಕ್ಕದೂರಿನವರಿಗೆ ಬಂಗಡೆ ಸಿಕ್ಕಿದೆಯೆಂಬ ಸುದ್ದಿ, ಬಂಗಡೆಯ ಚಿತ್ರದ ಸಮೇತ, ಎಲ್ಲರ ಮೊಬೈಲಿಗೆ ಬಂದಿತ್ತು. ಒಬ್ಬ ಹೇಳಿದ, ಗೊತ್ತಾಗದಿದ್ದರೆ ಎಲ್ಲ ಸರಿಯಾಗಿಯೇ ಇತ್ತು. ಇನ್ನೊಬ್ಬ, ತಿಂದು ಮುಗಿದ ಕಾಯಿಗೆ ಇಷ್ಟು ಗಲಾಟೆ ಮಾಡುವವಳು ಮೂರು ತಿನ್ನುವಾಗ ಎಲ್ಲಿದ್ದಳು ಎಂದ. ಅದಕ್ಕೆ ನೀಲಾ, "ಅದೇ ಹೇಳ್ತೆ. ನಂಗೂ ದಂಡ ಹಾಕಿ," ಎಂದಳು. ತಾನಾಗಿ ದಂಡ ಕೇಳಿದವರು ಸಮಿತಿಯ ಎದುರು ಹಿಂದೆ ಯಾರೂ ಬಂದಿರಲಿಲ್ಲವಾದ್ದರಿಂದ ಸಭೆ ಮುಂದಕ್ಕೆ ಹೋಯಿತು.

ಆಗ ಸಂಧ್ಯಾ ತಡೆಗಲ್ಲಿನಿಂದ ಇಳಿದು ಬಂದಳು. ನೀಲಾಳನ್ನು ನೋಡದೆ, ನನ್ನನ್ನು ನೋಡಿ ಹೇಳಿದಳು.

"ನನ್ನ ಮನೆಲಿ ಕೂತು, ನನ್ನ ಕೈಯಿಂದ ತಿಂದು, ನನ್ನ ಒಲೆ ಬುಡ ನೋಡಿ ಹೋದ್ಲು. ಇದ್ನೂ ಅಳ್ದು ಬರ್ಕಣಿ ನಾಯಕ್ರೆ."

ನೀಲಾ ಸೆರಗಿನಿಂದ ಮುಖ ಒರೆಸಿಕೊಂಡಳು. ಮಳೆ ಇರಲಿಲ್ಲ.

ಬುಧವಾರ ನನಗೆ ರಜೆ ಇರಲಿಲ್ಲ. ಕಚೇರಿಗೆ ಒಂದು ಗಂಟೆ ತಡವಾಗಿ ಹೋದೆ. ಕುಪ್ಪಜ್ಜ ಬೆಳಿಗ್ಗೆಯೇ ತೀರ್ಮಾನ ಹೇಳಿದ. ತಿಂದ ಪಾತೋಳಿಗೆ ಒಂದೊಂದು ಕಾಯಿ. ದಡದಿಂದ ಎಸೆಯುವುದಲ್ಲ, ತೆರೆ ಒಡೆಯುವ ಜಾಗ ದಾಟಿ, ದೋಣಿಯಲ್ಲಿ ಹೋಗಿ, ಮಾದೇವನೇ ಕೈಯಾರೆ ಬಿಟ್ಟು ಬರಬೇಕು. ಒಟ್ಟು ಎಷ್ಟು ಪಾತೋಳಿ ಎಂದು ಕೇಳಿದರು.

"ಎಂಟು," ಎಂದ ಮಾದೇವ.

"ಹದ್ನಾಲ್ಕು," ಎಂದಳು ಸಂಧ್ಯಾ ಹಿಂದಿನಿಂದ. "ಸುಳ್ಳು ಹೇಳ್ಬೇಡಿ. ಎಲೆ ಒರೆಸಿ ಮಡ್ಚಿದ್ದು ನಾನು."

ಮಾದೇವ ಹೆಂಡತಿಯನ್ನು ನೋಡಿದ. ತನ್ನ ಮನೆಯಲ್ಲೂ ಹೀಗೆ ಎಲ್ಲರೆದುರು ಹೇಳುವವಳು ಇದ್ದಾಳೆಂದು ಅವನಿಗೆ ಅದುವರೆಗೆ ತಿಳಿದಂತಿರಲಿಲ್ಲ. ನೀಲಾಳೂ ತಲೆಯೆತ್ತಿ ನೋಡಿದಳು. ಸಂಧ್ಯಾ ಮುಖ ತಿರುಗಿಸಿದಳು.

"ಹದ್ನಾಲ್ಕ್ರಲ್ಲಿ ಮೂರು ಅವ್ಳದ್ದು," ಎಂದ ಮಾದೇವ.

"ನಂದು ತಂದಿದ್ದೆ," ಎಂದು ನೀಲಾ ಬುಟ್ಟಿಯ ಮೇಲಿನ ಗೋಣಿ ಸರಿಸಿದಳು. ಅವಳ ಹಿತ್ತಿಲಲ್ಲಿ ತೆಂಗಿನ ಮರವಿಲ್ಲ. ತೀರ್ಮಾನಕ್ಕೆ ಕಾಯದೆ, ತಾನು ತಿಂದ ಲೆಕ್ಕಕ್ಕೆ ಮೂರು ಕಾಯಿಯನ್ನು ಹಿಂದಿನ ದಿನವೇ ಪೇಟೆಯಿಂದ ಕೊಂಡಿದ್ದಳು.

ಮಾದೇವ ಅಧ್ಯಕ್ಷನಾದ ಮೇಲೆ ದೋಣಿ ಹತ್ತಿರಲಿಲ್ಲ. ಹದಿನಾಲ್ಕು ಕಾಯಿ, ಬಿಳಿ ಅಂಗಿ, ಇಬ್ಬರು ಹುಟ್ಟು ಹಾಕುವವರು. ದೋಣಿ ತೆರೆಯ ಆಚೆಗೆ ಹೋಗಿ ಚಿಕ್ಕದಾಯಿತು. ಮಾದೇವ ಅಂಚಿಗೆ ಬಾಗುವುದು ಕಂಡಿತು, ಏಳುವುದು ಕಂಡಿತು, ಮತ್ತೆ ಬಾಗಿದ. ದಡದಲ್ಲಿದ್ದವರು ಎಣಿಸುತ್ತಿದ್ದರು. ಅವನು ಇಪ್ಪತ್ತಕ್ಕೂ ಹೆಚ್ಚು ಸಲ ಬಾಗಿದ್ದರಿಂದ, ಯಾವುದು ಕಾಯಿ ಬಿಟ್ಟದ್ದು, ಯಾವುದು ವಾಂತಿ ಮಾಡಿದ್ದು ಎಂಬ ಬಗ್ಗೆ ಒಮ್ಮತ ಮೂಡಲಿಲ್ಲ. ಮರಳಿ ಬಂದಾಗ ಬುಟ್ಟಿ ಖಾಲಿಯಿತ್ತು. ಅಷ್ಟು ಸಾಕೆಂದು ಕುಪ್ಪಜ್ಜ ಕೈ ಮಾಡಿದ. ಏಳೂ ದೋಣಿ ನೀರಿಗಿಳಿದವು.

ಆ ದಿನ ಬಲೆಗೆ ತಾರ್ಲೆ ಮೀನು ಬಂತು; ಬಹಳವೂ ಅಲ್ಲ, ಕಡಿಮೆಯೂ ಅಲ್ಲ. ಅದಕ್ಕೂ ಕಾಯಿಗೂ ಸಂಬಂಧ ಹಚ್ಚಲು ನನ್ನಲ್ಲಿ ಆಧಾರವಿಲ್ಲ. ಸಂಜೆಯ ಭರತಿಯಲ್ಲಿ ಹದಿನಾಲ್ಕರಲ್ಲಿ ಐದು ಕಾಯಿ ದಡಕ್ಕೆ ಮರಳಿದವು. ಅವುಗಳನ್ನು ಯಾರೂ ಮುಟ್ಟಲಿಲ್ಲ. ಮಕ್ಕಳು ಕ್ರಿಕೆಟ್ ಆಡುವಾಗ ಚೆಂಡು ಆ ಕಡೆ ಹೋದರೆ ಬ್ಯಾಟಿನಿಂದ ಹೊರಗೆ ಎಳೆದುಕೊಳ್ಳುತ್ತಾರೆ.

ಇದಾದ ಮರುದಿನ ಸಂಧ್ಯಾ ಪೇಟೆಯಲ್ಲಿ ಜಾಗ ಬದಲಿಸಿದಳು. ಕಟ್ಟೆಯ ಈ ತುದಿಯಿಂದ ಆ ತುದಿಗೆ, ಒಣಮೀನಿನವರ ಪಕ್ಕಕ್ಕೆ ಹೋದಳು. ಇಬ್ಬರ ಕೊಡೆ ಮೊದಲಿನಿಂದ ಪಾಲಿನದು. ಬಟ್ಟೆ ನೀಲಾಳದ್ದು, ಕೋಲು ಮತ್ತು ಕಬ್ಬಿಣದ ಬುಡ ಸಂಧ್ಯಾಳದ್ದು. ಹೀಗಾಗಿ ಆ ತುದಿಯಲ್ಲಿ ಸಂಧ್ಯಾ ಬಟ್ಟೆಯಿಲ್ಲದ ಕೋಲನ್ನು ನೆಟ್ಟುಕೊಂಡು ಕೂತಳು. ಈ ತುದಿಯಲ್ಲಿ ನೀಲಾ ಕೋಲಿಲ್ಲದ ಬಟ್ಟೆಯನ್ನು ತಲೆಯ ಮೇಲೆ ಹೊದ್ದುಕೊಂಡು, ಒಂದು ಕೈಯಲ್ಲಿ ಅದನ್ನು ಎತ್ತಿಹಿಡಿದು, ಇನ್ನೊಂದು ಕೈಯಲ್ಲಿ ಮೀನು ಮಾರಿದಳು. ಮಳೆ ಇಬ್ಬರ ಮೇಲೂ ಹೊಯ್ಯಿತು. ಹೊಸ ಕೊಡೆ ಕೊಂಡರೆ ಬೇರೆಯಾದದ್ದು ಖಾಯಂ ಆಗುತ್ತದೆಂದು ಇಬ್ಬರೂ ತಿಳಿದಂತಿತ್ತು. ಯಾರೂ ಕೊಳ್ಳಲಿಲ್ಲ.

ನೀಲಾಳಿಗೆ ಚಾ ಕುಡಿಯಲು ಹೋಗುವಂತಿರಲಿಲ್ಲ, ಬುಟ್ಟಿ ನೋಡುವವರಿಲ್ಲ. ಮಾದೇವನ ದೋಣಿಯವರು ಅವಳಿಗೆ ಮೀನು ಹಾಕುವುದನ್ನು ನಿಲ್ಲಿಸಿದ್ದರಿಂದ, ನಸುಕಿನ ಬಸ್ಸಿಗೆ ಕಾರವಾರದ ಬಂದರಿಗೆ ಹೋಗಿ ತರುತ್ತಿದ್ದಳು. ಚೌತಿಗೆ ಮೊದಲು ಒಂದು ಸಲ ನಾನು ನಡುವೆ ಬರಲು ನೋಡಿದೆ. ಸಂಧ್ಯಾಳ ಹತ್ತಿರ ಹೋಗಿ, ನೀಲಾಳಿಗೆ ಬೇಸರವಾಗಿದೆಯೆಂದೆ.

"ಆಗ್ಲಿ," ಎಂದಳು ಸಂಧ್ಯಾ. "ತಾರ್ಲೆ ಬೇಕಾ?"

ತಾರ್ಲೆ ತೆಗೆದುಕೊಂಡು ಈ ತುದಿಗೆ ಬಂದೆ. ನೀಲಾ ನನ್ನ ಚೀಲವನ್ನು ನೋಡಿದಳು.

"ಅವ್ಳ ಹತ್ರ ತಕಂಡ್ರಾ? ತಕಣಿ. ಅವ್ಳ ಮೀನು ಬರೋಬ್ಬರಿ ಇರ್ತದೆ."

ನನ್ನಲ್ಲಿ ಸಣ್ಣ ಮಾತೊಂದು ಉಳಿದಿತ್ತು. ಆ ದಿನ ಸುಮ್ಮನಿದ್ದಿದ್ದರೆ ಆಗುತ್ತಿತ್ತಲ್ಲ ಎಂದೆ. ಅವಳು ಬಟ್ಟೆ ಹಿಡಿದ ಕೈ ಬದಲಿಸಿಕೊಂಡಳು.

"ಬೇರೆಯವ್ರಾಗಿದ್ರೆ ಸುಮ್ನೇ ಇರ್ತಿದ್ದೆ ನಾಯಕ್ರೆ. ಯಾರ್ಯಾರ ಕಾಯಿ ಯಾರ್ಯಾರು ತಿಂತ್ರೋ, ನಂಗೆಂಥ?"

ಹಾಗೆ ಒಂದು ತಿಂಗಳು ಹೋಯಿತು. ಚೌತಿ ಬಂದು ಹೋಯಿತು. ಮಾದೇವ ಗಣಪತಿ ಬಿಡುವ ದಿನ ದಡದಲ್ಲೇ ನಿಂತಿದ್ದ. ನೀರಿಗಿಳಿಯಲು ಯಾರೂ ಅವನನ್ನು ಕರೆಯಲಿಲ್ಲ, ಅವನೂ ಮುಂದೆ ಬರಲಿಲ್ಲ. ಆದರೆ ನೀಲಾ ಎದುರು ಸಿಕ್ಕಾಗ, "ಮಾದೇವಣ್ಣ, ಮೊಣಕಾಲು ನೋವು ಕಮ್ಮಿಯಾಯ್ತಾ?" ಎಂದು ಎಂದಿನಂತೆ ಕೇಳಿದಳಂತೆ. ಅವನು ಉತ್ತರ ಕೊಡದೆ ಹೋದದ್ದು ಯಾಕೆಂದು ಅವಳಿಗೆ ನಿಜವಾಗಿ ಅರ್ಥವಾಗಿರಲಿಲ್ಲ.

೧೪ ಸೆಪ್ಟೆಂಬರ್, ಭಾನುವಾರ. ಬೆಳಿಗ್ಗೆ ಜಿಟಿಜಿಟಿ ಮಳೆ, ಒಂಬತ್ತಕ್ಕೆ ಬಿಸಿಲು. ಪೇಟೆಗೆ ಹೋದೆ. ನೀಲಾಳ ಬುಟ್ಟಿಯಲ್ಲಿ ಬಂಗಡೆ ಇದ್ದವು.

"ಇವತ್ತಿಂದಾ?"

"ಇವತ್ತಿಂದೇ. ಬಂದರಿಂದ ಈಗ ತಂದದ್ದು."

ದರ ಕುದುರಿಸಿ ಚೀಲ ಬಿಚ್ಚಿದೆ. ಆಗ ಕಟ್ಟೆಯ ಆ ತುದಿಯಿಂದ, ಇಪ್ಪತ್ತು ಜನರ ತಲೆಯ ಮೇಲಿನಿಂದ, ಸಂಧ್ಯಾಳ ದನಿ ಬಂತು.

"ನಾಯಕ್ರೆ, ತಕಣ್ಬೇಡಿ. ಅದು ನಿನ್ನೇದು."

ಒಣಮೀನಿನವರು ನೊಣ ಓಡಿಸುವುದನ್ನು ನಿಲ್ಲಿಸಿದರು.

"ಐಸಲ್ಲಿ ಇದ್ದದ್ದು ಅದು," ಎಂದಳು ಸಂಧ್ಯಾ. "ಇಲ್ಲಿಂದ ಕಣ್ಣು ಕಾಣ್ತದೆ, ಬೆಳ್ಳಗಾಗಿದೆ. ಇವತ್ತಿಂದು ಅಂತ ಮಾರ್ತಾಳೆ. ಎಲ್ರಿಗೂ ನ್ಯಾಯ ಹೇಳ್ತಾಳೆ."

ಅಷ್ಟು ದೂರದಿಂದ ಬಂಗಡೆಯ ಕಣ್ಣು ಕಾಣಲು ಸಾಧ್ಯವೇ ಎಂದು ನಾನು ಯೋಚಿಸಿದೆ. ಸಾಧ್ಯವಿಲ್ಲ. ಒಂದು ತಿಂಗಳಿಂದ ಪ್ರತಿದಿನ ಹತ್ತಿರದಿಂದ ಹಾದುಹೋಗುತ್ತ ಬುಟ್ಟಿ ನೋಡುತ್ತಿದ್ದರೆ ಮಾತ್ರ ಸಾಧ್ಯ.

ನೀಲಾ ಮೇಲಿನ ಬಂಗಡೆಯನ್ನು ಎತ್ತಿ ಕಿವಿರು ಬಿಡಿಸಿದಳು. ಕೆಂಪಗಿತ್ತು. ಎರಡನೆಯದೂ ಕೆಂಪಗಿತ್ತು. ಮೂರನೆಯದು ಕಂದು ಬಣ್ಣ. ಅದನ್ನು ಮೂಗಿನ ಹತ್ತಿರ ಹಿಡಿದು, ಮತ್ತೆ ದೂರ ಹಿಡಿದು ನೋಡಿದಳು.

"ಖರೆ," ಎಂದಳು, ಎಲ್ಲರಿಗೂ ಕೇಳುವಂತೆ. "ನಿನ್ನೇದು ಸೇರಿದೆ. ಕತ್ತಲಲ್ಲಿ ತುಂಬ್ಕಂಡು ಬಂದೆ, ಕೈಹಾಕಿ ನೋಡ್ಲಿಲ್ಲ. ತಪ್ಪು ನಂದೇ."

ಸಂಧ್ಯಾ ಇದನ್ನು ನಿರೀಕ್ಷಿಸಿದಂತಿರಲಿಲ್ಲ. ಜಗಳಕ್ಕೆ ಸೊಂಟಕ್ಕೆ ಕಟ್ಟಿದ ಸೆರಗು ಹಾಗೆಯೇ ಇತ್ತು.

"ಎಷ್ಟು ಸೇರಿದೆ?" ಎಂದಳು.

"ಅಲ್ಲಿಂದ ಎಂತಕ್ಕೆ ಕೂಗ್ತೆ? ನಂಗೆ ಚಾಳೀಸಿಲ್ದೆ ಕಾಣುದಿಲ್ಲ. ಬಂದು ನೋಡಿ ಹೇಳು."

"ನಾ ಎಂತಕ್ಕೆ ಬರ್ಲಿ?"

"ನೀ ಅಲ್ದೆ ಹೇಳಿದ್ದು?"

ಸಂಧ್ಯಾ ಒಣಮೀನಿನವಳಿಗೆ ತನ್ನ ಬುಟ್ಟಿ ನೋಡಿಕೊಳ್ಳಲು ಹೇಳಿ ಬಂದಳು. ನೀಲಾಳ ಎದುರು ಕುಕ್ಕರುಗಾಲಿನಲ್ಲಿ ಕೂತು ಇಡೀ ಬುಟ್ಟಿಯನ್ನು ಗೋಣಿಯ ಮೇಲೆ ಸುರುವಿದಳು. ಒಂದೊಂದರ ಕಿವಿರು ಬಿಡಿಸಿ, ಇವತ್ತಿನದನ್ನು ಎಡಕ್ಕೂ ನಿನ್ನೆಯದನ್ನು ಬಲಕ್ಕೂ ಎಸೆಯತೊಡಗಿದಳು.

"ಬಂದರಲ್ಲಿ ಯಾರ ಹತ್ರ ತಕಂತೆ ನೀನು? ಇದ್ನ ಬೆಕ್ಕೂ ಮೂಸುದಿಲ್ಲ. ನಾ ಇಲ್ದಿದ್ರೆ ನಿಂಗೆ ಊರೇ ಟೋಪಿ ಹಾಕ್ತದೆ."

"ಅದು ಇವತ್ತಿಂದು. ಎಡಕ್ಕೆ ಹಾಕು."

"ನಿಂಗೆ ಕಣ್ಣು ಕಾಣುದಿಲ್ಲ ಅಂದ್ಯಲ್ಲ, ಸುಮ್ಕೆ ಕೂತ್ಕ."

"ಏ ಮಾರಾಯ್ತಿ, ಅಷ್ಟೂ ಬಲಕ್ಕೇ ಹಾಕ್ದೆ. ಹಗೆ ತೀರಿಸ್ತ್ಯಾ?"

"ಹೌದು. ತೀರಿಸ್ತೆ."

ನೀಲಾ ಸುಮ್ಮನೆ ಕೂತಳು. ಬಿಸಿಲು ಏರುತ್ತಿತ್ತು. ಅವಳ ಮುಖದಲ್ಲಿ, ಮೈಮೇಲೆ ತಪ್ಪು ಹೊರಿಸಿಕೊಂಡವರಲ್ಲಿ ನಾನು ಹಿಂದೆಂದೂ ಕಾಣದ ಒಂದು ನೆಮ್ಮದಿ ಇತ್ತು. ಬಲಗಡೆಯ ರಾಶಿ ಬೆಳೆಯುತ್ತಿತ್ತು. ನಾನು ಚೀಲ ಬಿಚ್ಚಿಕೊಂಡೇ ನಿಂತಿದ್ದೆ. ಇವತ್ತಿನ ರಾಶಿಯಿಂದ ನಾಲ್ಕು ಕೊಡಬಹುದೇ ಎಂದು ಕೇಳಿದೆ.

"ಲೆಕ್ಕ ಆಗ್ಲಿಲ್ಲ ಇನ್ನೂ," ಎಂದರು ಇಬ್ಬರೂ, ನನ್ನ ಕಡೆ ನೋಡದೆ.

ಸ್ವಲ್ಪ ಹೊತ್ತು ಕಾದು ಹೊರಟೆ.

ಇಂದಿನ ಖರ್ಚು: ಬಾಳೆಗುಳಿಯಿಂದ ಅಂಕೋಲೆಗೆ ಟೆಂಪೊ, ಹೋಗಿ ಬರಲು, ಮೂವತ್ತು ರೂಪಾಯಿ. ಚಾ, ಹನ್ನೆರಡು. ಕೊತ್ತಂಬರಿ ಒಂದು ಕಟ್ಟು, ಹತ್ತು. ಮೊಟ್ಟೆ ಒಂದು ಡಜನ್, ಎಂಬತ್ತನಾಲ್ಕು. ಮೀನು ಕೊಳ್ಳಲಾಗಲಿಲ್ಲ. ಒಟ್ಟು ನೂರ ಮೂವತ್ತಾರು.